ಟಾರ್ಚಕ್ಕ ತಡವಾಗಿ ತೆಗೆದ ಚಿಲಕ

ಆ ಊರಿನ ಹಳೇ ಥಿಯೇಟರು ನೆಲದ ಮೇಲಿಲ್ಲ. ಕೆಳಗೆ ಅಂಗಡಿಗಳ ಸಾಲು, ಅದರ ನೆತ್ತಿಯ ಮೇಲೆ ಥಿಯೇಟರು. ಹತ್ತುವುದಕ್ಕೂ ಇಳಿಯುವುದಕ್ಕೂ ಇರುವುದು ಒಂದೇ ದಾರಿ. ಹನ್ನೊಂದು ಮೆಟ್ಟಿಲು, ಒಂದು ತಿರುವು, ಮತ್ತೆ ಹನ್ನೊಂದು ಮೆಟ್ಟಿಲು. ಕಟ್ಟಿಸಿದ ಪುಣ್ಯಾತ್ಮ ತಿರುವಿನಲ್ಲಿ ನಾಲ್ಕು ಜನ ನಿಲ್ಲುವಷ್ಟು ಜಾಗ ಬಿಟ್ಟು, ಬೆಳಕಿಗೆಂದು ದೊಡ್ಡ ಕಿಟಕಿ ಇಡಿಸಿ, ತನ್ನ ಕೆಲಸ ಮುಗಿಯಿತೆಂದು ಕೈತೊಳೆದುಕೊಂಡಿದ್ದ. ಆ ನಾಲ್ಕು ಜನರ ಜಾಗ ಮುಂದೆ ಒಬ್ಬ ಹೆಂಗಸಿಗೆ ಎಷ್ಟು ತಲೆನೋವು ಕೊಡುತ್ತದೆಂದು ಅವನಿಗೆ ಹೇಗೆ ಗೊತ್ತಿರಬೇಕು?

ಆ ಹೆಂಗಸೇ ಟಾರ್ಚಕ್ಕ. ಬಾಗಿಲಲ್ಲಿ ಟಿಕೆಟ್ ಹರಿಯುವವಳು, ಕತ್ತಲಲ್ಲಿ ಟಾರ್ಚ್ ಬಿಟ್ಟು ಸೀಟು ತೋರಿಸುವವಳು, ಆಟ ಮುಗಿದಾಗ ಚಿಲಕ ಎಳೆದು ಜನರನ್ನು ಹೊರಗೆ ಬಿಡುವವಳು, ಮೂರೂ ಅವಳೇ. ಹೆತ್ತವರಿಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಗಂಡ ಕೂಡ ಮುನಿಸು ಬಂದಾಗ "ಬಂದ್ಲು ನೋಡು ಟಾರ್ಚಕ್ಕ" ಅನ್ನುತ್ತಿದ್ದ.

ಈ ಕೆಲಸದಲ್ಲಿ ಏನು ಮಹಾ ಇದೆ ಎಂದು ಕೇಳುವವರಿಗೆ ಅವಳಲ್ಲಿ ಉತ್ತರ ಸಿದ್ಧವಾಗಿತ್ತು. ಸಿನಿಮಾ ಮುಗಿಯುವ ಕ್ಷಣಕ್ಕೆ ಸರಿಯಾಗಿ ಚಿಲಕ ಎಳೆಯಬೇಕು. ಒಂದು ಉಸಿರು ಮೊದಲು ಎಳೆದರೆ ಹೊರಗಿನ ಬೆಳಕು ತೆರೆಯ ಮೇಲೆ ಬಿದ್ದು ಜನ ಬೊಬ್ಬೆ ಹಾಕುತ್ತಾರೆ. ಒಂದು ಉಸಿರು ತಡವಾದರೆ ಎಲ್ಲರೂ ಬಂದು ಬಾಗಿಲಿಗೆ ಒತ್ತುತ್ತಾರೆ. ಟಾರ್ಚಕ್ಕ ತೆರೆಗೆ ಬೆನ್ನು ಹಾಕಿ, ಬಾಗಿಲಿಗೆ ಮುಖ ಮಾಡಿ, ಬರೀ ಕಿವಿಯಿಂದ ಈ ಕೆಲಸ ಮಾಡುತ್ತಿದ್ದಳು. ಕೊನೆಯ ಸಂಗೀತ ಏರುತ್ತದೆ, ಇಳಿಯುತ್ತದೆ, ನಿಲ್ಲುತ್ತದೆ. ನಿಂತ ಕೂಡಲೇ ಚಿಲಕ. ಮೂವತ್ತೊಂದು ವರ್ಷದಲ್ಲಿ ಒಂದು ಸಲವೂ ತಪ್ಪಿರಲಿಲ್ಲ. ಈ ಮಾತನ್ನು ಅವಳು ಕೇಳಿದವರಿಗೂ ಹೇಳುತ್ತಿದ್ದಳು, ಕೇಳದವರಿಗೂ ಹೇಳುತ್ತಿದ್ದಳು.

ಇನ್ನು ಸಿನಿಮಾದ ಹಣೆಬರಹ ಅವಳಿಗೆ ತಿಳಿಯುತ್ತಿದ್ದದ್ದು ಆ ತಿರುವಿನಲ್ಲಿ. ಮದುವೆಯಲ್ಲಿ ಮುಗಿಯುವ ಸಿನಿಮಾ ಆದರೆ ಜನ ಜೇಬಿನಲ್ಲಿ ಗಾಡಿ ಕೀಲಿ ತಡಕುತ್ತ ಸರಸರ ಇಳಿದುಬಿಡುತ್ತಾರೆ. ಹೊಡೆದಾಟದ್ದಾದರೆ ಗದ್ದಲ ಜಾಸ್ತಿ, ಆದರೆ ಕಾಲು ನಿಲ್ಲುವುದಿಲ್ಲ. ಕೈಯಲ್ಲಿ ಕಾಸಿಲ್ಲದವರು ಮಾಡಿದ ಸಸ್ಪೆನ್ಸ್ ಸಿನಿಮಾಗಳು ಮಾತ್ರ ಬೇರೆಯೇ ಜಾತಿ. ಒಂದು ಮನೆ, ನಾಲ್ಕು ಮುಖ, ಕಾಣೆಯಾದ ಒಬ್ಬ ಮನುಷ್ಯ. ಹಾಡಿಲ್ಲ, ಕಾರು ಹಾರುವುದಿಲ್ಲ, ನಾಯಕಿ ಮೊದಲಿನಿಂದ ಕೊನೆಯವರೆಗೆ ಎರಡೇ ಬಟ್ಟೆಯಲ್ಲಿರುತ್ತಾಳೆ. ಕೊನೆಗೆ ಯಾರು ಮಾಡಿದರು, ಏಕೆ ಮಾಡಿದರು ಎಂದು ಬಾಯಿಬಿಟ್ಟು ಹೇಳದೆ ಪರದೆ ಎಳೆದುಬಿಡುತ್ತಾರೆ. ಆಗ ನೋಡಬೇಕು ತಿರುವಿನ ಅವಸ್ಥೆ! ಒಬ್ಬ ನಿಂತು "ಅಲ್ಲ ಕಣೋ..." ಎಂದರೆ ಸಾಕು, ಹಿಂದಿನವನು ಅವನಿಗೆ ಡಿಕ್ಕಿ ಹೊಡೆದು ನಿಲ್ಲುತ್ತಾನೆ, ಅವನ ಹಿಂದಿನವಳು "ಹಾಗಲ್ಲ ಅದು" ಎಂದು ನಡುವೆ ಬಾಯಿ ಹಾಕುತ್ತಾಳೆ, ಮೆಟ್ಟಿಲ ತುಂಬ ಜನ. ಕೆಳಗೆ ಮುಂದಿನ ಆಟದವರು ಹತ್ತಲಾಗದೆ ಟಿಕೆಟ್ ಬೀಸಿಕೊಂಡು ಗೊಣಗುತ್ತಾರೆ.

"ಕಥೆ ಹೇಳೋಕೆ ಬಂದವನು ಪೂರ್ತಿ ಹೇಳಿ ಹೋಗಬಾರದಾ? ನನ್ನ ಪ್ರಾಣ ಯಾಕೆ ತಿನ್ನಬೇಕು?" ಎಂದು ಟಾರ್ಚಕ್ಕ ಶಪಿಸದ ದಿನವಿರಲಿಲ್ಲ. ಒಮ್ಮೆಯಂತೂ ಇಬ್ಬರು ಗೆಳೆಯರು, ಒಬ್ಬನ ಕೈಯಲ್ಲಿ ತರಕಾರಿ ಚೀಲ ಬೇರೆ, ಕೊಂದದ್ದು ತಮ್ಮನೋ ಡಾಕ್ಟರೋ ಎಂದು ಜಗಳವಾಡುತ್ತಲೇ ಕೆಳಗಿಳಿದು, ಮತ್ತೆ ಟಿಕೆಟ್ ತೆಗೆದುಕೊಂಡು, ಜಗಳವಾಡುತ್ತಲೇ ಹತ್ತಿ ಬಂದರು. ಎರಡನೇ ಸಲ ಹೊರಗೆ ಬಂದಾಗ ಇಬ್ಬರೂ ಪಕ್ಷ ಬದಲಿಸಿದ್ದರು. ಜಗಳ ಮಾತ್ರ ಮುಂದುವರಿದಿತ್ತು. ತರಕಾರಿ ಚೀಲದವನು ಅವಳನ್ನೇ ಹಿಡಿದು ಕೇಳಿದ:

"ಅಕ್ಕಾ, ನೀವು ದಿನಕ್ಕೆ ನಾಲ್ಕು ಸಲ ನೋಡ್ತೀರಿ. ಕೊಂದಿದ್ದು ಯಾರು, ಹೇಳಿಬಿಡಿ."

"ನಾನು ಬಾಗಿಲು ನೋಡ್ಕೊಳ್ಳೋಳು ಕಣಪ್ಪ, ಕೊಲೆ ನೋಡ್ಕೊಳ್ಳೋಳಲ್ಲ. ದಾರಿ ಬಿಡು."

ಅವನು ಪೆಚ್ಚಾಗಲಿಲ್ಲ. ಗೆದ್ದವನ ಹಾಗೆ ಗೆಳೆಯನತ್ತ ತಿರುಗಿ, "ನೋಡ್ದಾ, ಇವ್ರಿಗೂ ಗೊತ್ತಿಲ್ಲ!" ಎಂದ. ಗೊತ್ತಿಲ್ಲದಿರುವುದರಲ್ಲಿ ಇಷ್ಟು ಖುಷಿಪಡುವ ಜನರೂ ಇರುತ್ತಾರಾ ಎಂದು ಟಾರ್ಚಕ್ಕ ಆ ದಿನವೆಲ್ಲ ಯೋಚಿಸಿದ್ದಳು.

ಆಗ ಅವಳ ಮಗಳು ಮೇಲಿನ ಮೆಟ್ಟಿಲ ಮೇಲೆ ಕುಳಿತು ಹೋಂವರ್ಕ್ ಮಾಡುತ್ತಿದ್ದಳು. ಶಾಲೆ ಬಿಟ್ಟ ಮೇಲೆ ಅವಳ ಜಾಗ ಅದೇ. ಕೊಲೆ ಇರುವ ಸಿನಿಮಾಕ್ಕೆ ಒಳಗೆ ಬರಬಾರದೆಂದು ಟಾರ್ಚಕ್ಕನ ಕಟ್ಟಪ್ಪಣೆಯಾಗಿತ್ತು. ಹಾಗಾಗಿ ಆ ಹುಡುಗಿ ಸಿನಿಮಾ ನೋಡದೆ, ಸಿನಿಮಾದ ಜಗಳ ಮಾತ್ರ ಕೇಳಿ ಬೆಳೆದಳು. ಮನೆಗೆ ಹೋಗಿ, ಕೇಳಿದ ಜಗಳಗಳನ್ನೆಲ್ಲ ಜೋಡಿಸಿ, ಅಪ್ಪನಿಗೆ ಕಥೆ ಹೇಳುತ್ತಿದ್ದಳು. ಅಪ್ಪ ಗಡಿಯಾರ ರಿಪೇರಿ ಮಾಡುವವನು. ಬಿಚ್ಚಿದ್ದನ್ನು ಮುಚ್ಚದೆ ಅಂಗಡಿ ಬಾಗಿಲು ಹಾಕಿದವನಲ್ಲ.

"ಸರಿ, ಕೊನೆಗೆ ಏನಾಯ್ತು?"

"ಕೊನೆ ಹೇಳಲ್ಲ ಅಪ್ಪ ಅದ್ರಲ್ಲಿ."

"ಮುಳ್ಳಿಲ್ಲದ ಗಡಿಯಾರ ಕೊಟ್ಟು ಟೈಮ್ ನೋಡ್ಕೋ ಅಂದ ಹಾಗಾಯ್ತು. ಹೋಗೇ, ಮಲ್ಕೋ."

ಮಗಳು ದೊಡ್ಡವಳಾಗಿ ಮದುವೆ ವಿಡಿಯೋ ಮಾಡುವ ಸ್ಟುಡಿಯೋ ಒಂದರಲ್ಲಿ ಎಡಿಟಿಂಗ್ ಕೆಲಸಕ್ಕೆ ಸೇರಿದಳು. ಯಾರ್ಯಾರದೋ ಅತ್ತೆ ಯಾರ್ಯಾರದೋ ಮಾವನನ್ನು ನೋಡಿ ನಗುವುದನ್ನು ಕತ್ತರಿಸಿ ಅಂಟಿಸುತ್ತ ಏಳು ವರ್ಷ ಕಳೆದಳು. ಒಂದು ದಿನ ಊಟಕ್ಕೆ ಕುಳಿತಾಗ, ತಾನೊಂದು ಸಿನಿಮಾ ಮಾಡುತ್ತೇನೆ, ಈ ಮನೆಯಲ್ಲೇ ಮಾಡುತ್ತೇನೆ ಎಂದಳು. ಕ್ಯಾಮೆರಾ ಸ್ಟುಡಿಯೋದ್ದು, ಮದುವೆಗಳಿಲ್ಲದ ದಿನ ಮಾತ್ರ ಸಿಗುತ್ತದೆ. ನಾಯಕಿಯಾಗಿ ಅವಳ ಗೆಳತಿ, ಆಸ್ಪತ್ರೆಯಲ್ಲಿ ನರ್ಸು. ಪೊಲೀಸಿನವನಾಗಿ ಶಾಲೆಯ ಡ್ರಾಯಿಂಗ್ ಮೇಷ್ಟ್ರು. ಕತ್ತಲ ದೃಶ್ಯಕ್ಕೆ ದೀಪ ಸಾಲದೆ ಬಂದಾಗ ಅಮ್ಮನ ಟಾರ್ಚನ್ನೇ ಹೊತ್ತಿಸಿದರು. ಬಿಡಿ ದಿನಗಳನ್ನೆಲ್ಲ ಕೂಡಿಸಿದರೆ ಹತ್ತೊಂಬತ್ತು ದಿನ ಚಿತ್ರೀಕರಣ, ಅದು ಮುಗಿಯಲು ಎರಡು ವರ್ಷ ಹಿಡಿಯಿತು.

ಆ ಎರಡು ವರ್ಷವೂ ಅಡುಗೆಮನೆಯ ನಲ್ಲಿ ಸೋರುತ್ತಲೇ ಇತ್ತು. ಮೊದಲೇ ಅದು ಹತ್ತಾರು ವರ್ಷದಿಂದ ಸೋರುವ ನಲ್ಲಿ. ಪೂರ್ತಿ ತಿರುಗಿಸಿ, ಆಮೇಲೆ ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿದರೆ ಮಾತ್ರ ನಿಲ್ಲುತ್ತದೆ. ಆ ಮರ್ಮ ಮನೆಯವರಿಗಷ್ಟೇ ಗೊತ್ತು. ಟಾರ್ಚಕ್ಕ ಕೊನೆಗೂ ಪ್ಲಂಬರನನ್ನು ಕರೆತಂದ ದಿನ ಮಗಳು ಅಡ್ಡ ನಿಂತಳು.

"ಅಮ್ಮ, ಅದನ್ನ ಮುಟ್ಟಿಸ್ಬೇಡ. ನಮ್ಮ ಸಿನಿಮಾದಲ್ಲಿ ಅದಕ್ಕೂ ಪಾತ್ರ ಇದೆ."

"ಹೆತ್ತ ಅಪ್ಪನಿಗಿಲ್ಲದ ಪಾತ್ರ ನಲ್ಲಿಗೆ ಕೊಟ್ಟಿದ್ದಾಳೆ ನೋಡು," ಎಂದು ಗಡಿಯಾರದವನು ಹೆಂಡತಿಗೆ ದೂರಿದ.

ಸಿನಿಮಾ ಮುಗಿಯಿತು. ಅದನ್ನು ಹಾಕುವವರು ಯಾರು? ಮಗಳು ನಾಲ್ಕೈದು ಥಿಯೇಟರಿಗೆ ಅಲೆದಳು. ಎಲ್ಲರದೂ ಒಂದೇ ಮಾತು: ಚೆನ್ನಾಗಿದೆ, ಆದರೆ ಕೊನೆಗೆ ಏನಾಯಿತೆಂದು ಹೇಳುವ ಒಂದು ಸೀನು ಸೇರಿಸಿಕೊಂಡು ಬಾ. ಅವಳು ಸೇರಿಸಲಿಲ್ಲ. ಕೊನೆಗೆ ಟಾರ್ಚಕ್ಕ ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿ ಮ್ಯಾನೇಜರ ಮುಂದೆ ನಿಂತು ಒಂದು ಉಪಕಾರ ಕೇಳಿದಳು.

"ಶುಕ್ರವಾರ ಎರಡು ಆಟ ಕೊಡ್ತೀನಿ, ಬೆಳಗಿನದು, ಮ್ಯಾಟಿನಿ," ಎಂದರು ಮ್ಯಾನೇಜರ್. "ಜನ ಬೈಕೊಂಡು ಹೋದ್ರೆ ಶನಿವಾರ ಪೋಸ್ಟರ್ ಬದಲಾಯಿಸ್ತೀನಿ. ನಿಮ್ಮ ಮಗಳು ಅಂತ ಮುಖ ನೋಡಲ್ಲ, ಈಗ್ಲೇ ಹೇಳಿದ್ದೀನಿ."

ಮಗಳೂ ಅಮ್ಮನಿಗೆ ಒಂದು ಮಾತು ಹೇಳಿದಳು. ಇಲ್ಲಿ ನಡೆಯದಿದ್ದರೆ ಇನ್ನು ಕೇಳುವುದಿಲ್ಲ, ಮದುವೆ ವಿಡಿಯೋ ಮಾಡಿಕೊಂಡು ಇದ್ದುಬಿಡುತ್ತೇನೆ. ಹೇಳುವಾಗ ಅವಳು ಅಳಲಿಲ್ಲ. ಅತ್ತಿದ್ದರೆ ಟಾರ್ಚಕ್ಕನಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಶುಕ್ರವಾರ ಬೆಳಗ್ಗೆ ಅರವತ್ತು ಜನ ಬಂದಿದ್ದರು. ಆಟ ಶುರುವಾಗುವ ಮೊದಲು ಮಗಳು ಬಾಗಿಲ ಹತ್ತಿರ ಬಂದಳು. ಸಿನಿಮಾವನ್ನು ಅವಳು ಮನೆಯಲ್ಲಿ ತೋರಿಸಿರಲಿಲ್ಲ. ಎಲ್ಲರ ಜೊತೆ ಥಿಯೇಟರಿನಲ್ಲೇ ನೋಡಬೇಕೆಂದು ಹಟ ಹಿಡಿದಿದ್ದಳು.

"ಅಮ್ಮ, ಕೊನೇಲಿ ಬಾಗಿಲು ಬೇಗ ತೆಗೀಬೇಡ."

"ಮೂವತ್ತೊಂದು ವರ್ಷ ಬಾಗಿಲು ಕಾದವಳಿಗೆ ಹೇಳಿಕೊಡ್ತೀಯಾ? ಹೋಗು, ಕೂತ್ಕೋ."

ಆ ದಿನ ಟಾರ್ಚಕ್ಕ ತನ್ನ ನಿಯಮ ಮುರಿದು ತೆರೆಯ ಕಡೆ ಮುಖ ಮಾಡಿ ನಿಂತಳು. ತನ್ನ ಅಡುಗೆಮನೆ ಗೋಡೆಯಷ್ಟು ದೊಡ್ಡದಾಗಿ ಎದುರಿಗಿತ್ತು. ಹಿಡಿ ಮುರಿದ ಬಾಣಲೆ, ಕಿಟಕಿಯ ಬಿರುಕು, ಗೋಡೆಯ ಎಣ್ಣೆ ಕಲೆ ಎಲ್ಲವೂ ಇದ್ದವು. ಒರೆಸಿಡಬೇಕಿತ್ತು ಎಂದುಕೊಂಡಳು. ಮರುಕ್ಷಣವೇ ಆ ಕಲೆಯನ್ನೂ ಅರವತ್ತು ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದಾರೆಂದು ಗೊತ್ತಾಗಿ ಎದೆ ತುಂಬಿ ಬಂತು. ನನ್ನ ಮಗಳು ಮಾಡಿದ್ದು ಇದು ಎಂದು ಕೂಗಿ ಹೇಳಬೇಕೆನಿಸಿತು.

ಕಥೆ ಇಷ್ಟೇ. ಮೂರು ವರ್ಷದ ಹಿಂದೆ ಗಂಡ ಕಾಣೆಯಾಗಿದ್ದಾನೆ. ಹೆಂಡತಿ ಒಂಟಿ. ಅವಳು ಮಲಗುವಾಗ ಸೋರುತ್ತಿದ್ದ ನಲ್ಲಿ ಬೆಳಗ್ಗೆ ಏಳುವಾಗ ನಿಂತಿರುತ್ತದೆ. ಅದನ್ನು ನಿಲ್ಲಿಸುವ ಮರ್ಮ ಗಂಡನಿಗೂ ಅವಳಿಗೂ ಬಿಟ್ಟು ಬೇರೆ ಯಾರಿಗೂ ಗೊತ್ತಿಲ್ಲ. ಅವನು ಕದ್ದು ಬರುತ್ತಿದ್ದಾನೆ ಎನ್ನುತ್ತಾನೆ ಮೈದುನ. ನೀನೇ ನಿದ್ದೆಗಣ್ಣಲ್ಲಿ ಎದ್ದು ನಿಲ್ಲಿಸುತ್ತಿದ್ದೀಯ ಎನ್ನುತ್ತಾಳೆ ಪಕ್ಕದ ಮನೆಯವಳು. ಗಂಡನನ್ನು ಕೊಂದು ನಾಟಕವಾಡುತ್ತಿದ್ದಾಳೆ ಎಂದು ಪೊಲೀಸಿನವನ ಗುಮಾನಿ. ಕೊನೆಗೆ ಅವಳು ಎಚ್ಚರವಾಗಿದ್ದು ನೋಡಿಯೇ ಬಿಡುತ್ತೇನೆಂದು ಕುರ್ಚಿ ಹಾಕಿ ಕುಳಿತುಕೊಳ್ಳುತ್ತಾಳೆ. ದೀಪ ಆರುತ್ತದೆ. ತೆರೆ ಪೂರ್ತಿ ಕಪ್ಪಾಗುತ್ತದೆ.

ಆ ಕಪ್ಪಿನಲ್ಲಿ ಸಂಗೀತವಿರಲಿಲ್ಲ. ನಲ್ಲಿ ತೊಟ್ಟಿಕ್ಕುವ ಸದ್ದು ಮಾತ್ರ. ಅರವತ್ತು ಜನರೂ ಅದನ್ನು ಕೇಳಿಸಿಕೊಳ್ಳುತ್ತಿದ್ದರು. ಕೇಳಿಸದಿದ್ದದ್ದು ಒಬ್ಬಳಿಗೇ. ಹತ್ತಾರು ವರ್ಷದಿಂದ ಅಡುಗೆ ಮಾಡುತ್ತ, ಪಾತ್ರೆ ತೊಳೆಯುತ್ತ, ಮಲಗುತ್ತ ಏಳುತ್ತ ಕೇಳಿದ ಸದ್ದು ಅದು. ಅವಳ ಕಿವಿಗೆ ಆ ಸದ್ದೆಂದರೆ ಮೌನವೇ. ಸಂಗೀತ ನಿಂತಿದೆ, ತೆರೆ ಕಪ್ಪಾಗಿದೆ. ಟಾರ್ಚಕ್ಕನ ಕೈ ತಾನಾಗಿಯೇ ಹೋಗಿ ಚಿಲಕ ಎಳೆಯಿತು.

ತಿರುವಿನ ಕಿಟಕಿಯ ಬಿಸಿಲು ಒಳಗೆ ನುಗ್ಗಿತು. ಅರವತ್ತು ತಲೆಗಳು ಒಟ್ಟಿಗೆ ತಿರುಗಿದವು. ಬಾಗಿಲಲ್ಲಿ ಯಾರೋ ನಿಂತಿದ್ದಾರೆ! ಒಬ್ಬ ಹೆಂಗಸು ಕಿಟಾರನೆ ಕಿರುಚಿದಳು. ಹಿಂದೆ ಎಲ್ಲೋ ಕುರ್ಚಿ ಕಿರ್ರೆಂದ ಸದ್ದಾಯಿತು. ಅದು ಸಿನಿಮಾದ ಕುರ್ಚಿ. ಆಗ ಟಾರ್ಚಕ್ಕನಿಗೆ ನಲ್ಲಿ ಕೇಳಿಸಿತು. ಕೇಳಿಸಿದ್ದೇ ತಡ, ಅದು ನಿಂತುಹೋಯಿತು. ಸಿನಿಮಾ ಮುಗಿದಿತ್ತು.

ಭೂಮಿ ಬಾಯಿಬಿಟ್ಟಿದ್ದರೆ ಆ ಕ್ಷಣ ಅವಳು ಒಳಗೆ ಹೋಗಿಬಿಡುತ್ತಿದ್ದಳು. ಮೂವತ್ತೊಂದು ವರ್ಷ ಪರರ ಸಿನಿಮಾಗಳಿಗೆ ತಪ್ಪದ ಕೈ, ಸ್ವಂತ ಮಗಳ ಸಿನಿಮಾಕ್ಕೆ ತಪ್ಪಿತ್ತು.

ಆದರೆ ಜನ ಬೈಯಲಿಲ್ಲ. ತಿರುವು ತುಂಬಿಹೋಯಿತು. "ಆ ಬಾಗಿಲು ತೆಗೆದಾಗ ನನ್ನ ಜೀವವೇ ಹೋಯ್ತು" ಎಂದು ಒಬ್ಬ, "ಬೇಕಂತ ಮಾಡ್ಸಿದ್ದಾರೆ ಕಣ್ರೀ, ಎಂಥಾ ಐಡಿಯಾ!" ಎಂದು ಇನ್ನೊಬ್ಬ. ಮ್ಯಾನೇಜರ್ ಎರಡೆರಡು ಮೆಟ್ಟಿಲು ಹಾರಿಕೊಂಡು ಮೇಲೆ ಬಂದರು.

"ಟಾರ್ಚಕ್ಕ, ಅದ್ಭುತ! ಮ್ಯಾಟಿನಿಗೂ ಹೀಗೇ ಮಾಡಿ. ಪ್ರತಿ ಆಟಕ್ಕೂ ಮಾಡಿ. ನಾಲ್ಕು ವಾರ ಓಡ್ಸೋಣ."

ಮಗಳು ಎಲ್ಲರಿಗಿಂತ ಕೊನೆಗೆ ಹೊರಗೆ ಬಂದಳು. ಅಮ್ಮ ಕೈಹಿಡಿದು "ತಪ್ಪಾಯ್ತು ಕಣೇ" ಎಂದರೆ ತಲೆಯಾಡಿಸಿದಳು. ಮ್ಯಾನೇಜರ ಮಾತು ಕೇಳಿ ಗೋಡೆ ನೋಡುತ್ತ ಮೆಲ್ಲಗೆ ಹೇಳಿದಳು:

"ಮಾಡು ಅಮ್ಮ. ಹಾಗಾದ್ರೂ ಓಡೋದಾದ್ರೆ ಓಡ್ಲಿ."

ಟಾರ್ಚಕ್ಕನಿಗೆ ಆ 'ಹಾಗಾದ್ರೂ' ಸಹಿಸಲಾಗಲಿಲ್ಲ. ನಾಲ್ಕೈದು ಥಿಯೇಟರಿನವರು ಒಂದು ಸೀನು ಸೇರಿಸೆಂದರೂ ಜಗ್ಗದ ಹುಡುಗಿ, ಈಗ ತಾಯಿಯ ಒಂದು ತಪ್ಪಿನ ಮುಂದೆ ತಲೆ ತಗ್ಗಿಸಿ ನಿಂತಿದ್ದಾಳೆ. ಇಷ್ಟಕ್ಕೂ ಜನ ತಿರುವಿನಲ್ಲಿ ನಿಂತದ್ದು ಸಿನಿಮಾಕ್ಕೋ, ಬಾಗಿಲಿಗೋ? ಅದು ಗೊತ್ತಾಗದೆ ನಾಲ್ಕು ವಾರವಲ್ಲ, ನಾಲ್ಕು ವರ್ಷ ಓಡಿದರೂ ಏನು ಬಂತು?

"ನಿನ್ನ ಸಿನಿಮಾಕ್ಕೆ ಸ್ವಂತ ಕಾಲಿಲ್ವಾ? ನನ್ನ ಹೆಗಲ ಮೇಲೆ ಹತ್ಕೊಂಡು ಓಡ್ಬೇಕಾ ಅದು?" ಎಂದಳು. ಆಮೇಲೆ ಮ್ಯಾನೇಜರ ಕಡೆ ತಿರುಗಿ, "ಸಾರ್, ಮ್ಯಾಟಿನಿಗೆ ಚಿಲಕ ತೆಗೆಯಲ್ಲ. ಮುಗಿದ ಮೇಲೇ ತೆಗೀತೀನಿ."

"ಕೈಗೆ ಬಂದಿದ್ದನ್ನ ಒದೀತಿದ್ದೀರಿ. ಜನ ಸುಮ್ಮನೆ ಇಳಿದುಹೋದ್ರೆ ನನ್ನ ಮಾತು ಗೊತ್ತಲ್ಲ?"

"ಗೊತ್ತು ಸಾರ್."

ಜನ ಇಳಿದುಹೋದರೆ ಮಗಳ ಸಿನಿಮಾವನ್ನು ಕೊಂದವಳು ತಾನೇ. ಅದರಲ್ಲಿ ಯಾರಿಗೂ ಯಾವ ಅನುಮಾನವೂ ಇರುವುದಿಲ್ಲ.

ಮ್ಯಾಟಿನಿಗೆ ಜನ ಹೆಚ್ಚಿದ್ದರು. ಗಡಿಯಾರದವನೂ ಅಂಗಡಿ ಮುಚ್ಚಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಹೆಂಡತಿಯ ಕೈಗೆ ಟಿಕೆಟ್ ಕೊಟ್ಟು, ಬೇರೆ ಯಾರೋ ಎಂಬಂತೆ ಗಂಭೀರವಾಗಿ ಒಳಗೆ ಹೋದ. ಟಾರ್ಚಕ್ಕ ಈ ಸಲ ಬಾಗಿಲಿಗೆ ಬೆನ್ನು ಒತ್ತಿ ನಿಂತಳು. ತೆರೆ ಕಪ್ಪಾದಾಗ ಎರಡೂ ಕೈಯಲ್ಲಿ ಟಾರ್ಚನ್ನು ಬಿಗಿಯಾಗಿ ಹಿಡಿದುಕೊಂಡಳು, ಮತ್ತೆ ಕೈ ತಾನಾಗಿ ಚಿಲಕಕ್ಕೆ ಹೋಗದಿರಲಿ ಎಂದು. ತನ್ನ ಮನೆಯ ನಲ್ಲಿಯನ್ನು ಅವಳು ಮೊದಲ ಸಲ ಕಿವಿಗೊಟ್ಟು ಕೇಳಿದಳು. ತೊಟ್ಟು. ತೊಟ್ಟು. ಆ ಕತ್ತಲಲ್ಲಿ ಯಾರೂ ಕೆಮ್ಮಲಿಲ್ಲ. ಕುರ್ಚಿ ಕಿರ್ರೆಂದಿತು. ನಲ್ಲಿ ನಿಂತಿತು. ಟಾರ್ಚಕ್ಕ ಒಂದು ಉಸಿರು ಬಿಟ್ಟಳು, ಇನ್ನೊಂದು ಉಸಿರು ಬಿಟ್ಟಳು, ಆಮೇಲೆ ಚಿಲಕ ಎಳೆದಳು.

ಜನ ಎದ್ದರು. ಮಾತಿಲ್ಲ. ಒಬ್ಬರ ಹಿಂದೆ ಒಬ್ಬರು ಅವಳನ್ನು ದಾಟಿ ಮೆಟ್ಟಿಲಿಳಿಯತೊಡಗಿದರು. ಎರಡು, ನಾಲ್ಕು, ಏಳು ಮೆಟ್ಟಿಲು. ಬರೀ ಚಪ್ಪಲಿ ಸದ್ದು. ಮುಂದಿದ್ದವರು ತಿರುವಿನ ಹತ್ತಿರ ಬಂದರು, ತಿರುಗಿದರು, ಇಳಿದೇಬಿಟ್ಟರು. ಬಾಗಿಲ ಪಕ್ಕದಲ್ಲಿ ಮಗಳು ಬಂದು ನಿಂತದ್ದು ಟಾರ್ಚಕ್ಕನಿಗೆ ಗೊತ್ತಾದರೂ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ.

ಆಗ ತಿರುವಿನಲ್ಲಿ ಇಸ್ತ್ರಿ ಅಂಗಿಯೊಂದು ನಿಂತಿತು.

"ಅಲ್ಲ," ಎಂದ ಗಡಿಯಾರದವನು, ಯಾರಿಗೂ ಅಲ್ಲ, ಕಿಟಕಿಗೆ ಹೇಳುವವನ ಹಾಗೆ. "ಆ ನಲ್ಲಿ ನಿಲ್ಲಿಸಿದ್ದು ಯಾರು?"

ಹಿಂದೆ ಬರುತ್ತಿದ್ದ ಧಡೂತಿ ಮನುಷ್ಯ ಅವನಿಗೆ ಡಿಕ್ಕಿ ಹೊಡೆದ. "ಯಾರು ಅಂದ್ರೆ? ಗಂಡ ಬಂದಿದ್ದಾನೆ. ಇನ್ಯಾರು?"

"ಕುರ್ಚಿ ಸದ್ದು ಕೇಳಿಸ್ಲಿಲ್ವಾ ನಿಮಗೆ? ಅವಳೇ ಎದ್ದಿದ್ದು," ಎಂದಳು ಕೊಡೆ ಹಿಡಿದಿದ್ದ ಹೆಂಗಸೊಬ್ಬಳು, ಮೇಲಿನ ಮೆಟ್ಟಿಲಿಂದ.

"ಅವನನ್ನ ನೋಡಿ ಎದ್ದಿರಬಹುದಲ್ಲ!"

"ನೋಡೋಕೆ ದೀಪ ಎಲ್ಲಿತ್ತು?"

"ಸ್ವಾಮಿ, ಒಂದು ನಿಮಿಷ," ಎಂದು ಗಡಿಯಾರದವನು ದನಿ ಏರಿಸಿದ. "ಕುರ್ಚಿಯಿಂದ ಆ ನಲ್ಲಿಗೆ ಐದು ಹೆಜ್ಜೆ ಆಗುತ್ತೆ. ಕುರ್ಚಿ ಸದ್ದಾದ ಕೂಡ್ಲೇ ನಲ್ಲಿ ನಿಂತಿದೆ. ಅಷ್ಟು ಬೇಗ ಅವಳು ಹೋಗೋಕಾಗಲ್ಲ."

ಧಡೂತಿ ಮನುಷ್ಯ ಈಗ ಸುಮ್ಮನಾಗಬೇಕಿತ್ತು, ಏಕೆಂದರೆ ಅದು ಅವನ ಪಕ್ಷದ ಮಾತೇ. ಆದರೆ ಜಗಳದ ಬಿಸಿಯಲ್ಲಿ ಅದು ಯಾರಿಗೆ ನೆನಪಿರುತ್ತದೆ?

"ಐದು ಹೆಜ್ಜೆ ಅಂತೆ! ಆ ಮನೆ ವಿಷಯ ನಿಮಗೇನ್ರೀ ಗೊತ್ತು?"

ಗಡಿಯಾರದವನು ಬಾಯಿ ತೆರೆದ. ಮೂವತ್ತು ವರ್ಷ ಬಾಡಿಗೆ ಕಟ್ಟಿದ ಮನೆ ಅದು, ಇವತ್ತು ಬೆಳಗ್ಗೆಯೂ ಆ ನಲ್ಲಿಯಲ್ಲೇ ಮುಖ ತೊಳೆದು ಬಂದಿದ್ದ. ತಲೆಯೆತ್ತಿ ಹೆಂಡತಿಯನ್ನು ನೋಡಿದ, ಅವಳ ಪಕ್ಕದಲ್ಲಿದ್ದ ಮಗಳನ್ನು ನೋಡಿದ. ಬಾಯಿ ಮುಚ್ಚಿಕೊಂಡ.

"ನನಗೇನೂ ಗೊತ್ತಿಲ್ಲ ಸ್ವಾಮಿ," ಎಂದ. ಆ ಮಾತು ಅವನ ಬಾಯಲ್ಲಿ ಅಷ್ಟು ಸಂತೋಷವಾಗಿ ಬಂದದ್ದನ್ನು ಟಾರ್ಚಕ್ಕ ತನ್ನ ಸಂಸಾರದಲ್ಲಿ ಅದೇ ಮೊದಲು ಕೇಳಿದ್ದು.

ಇಳಿದುಹೋಗಿದ್ದ ಮುಂದಿನವರು ಗದ್ದಲ ಕೇಳಿ ವಾಪಸ್ಸು ಹತ್ತಿ ಬಂದರು. ಮೈದುನನ ಮೇಲೆ ಅನುಮಾನವಿದ್ದ ಒಬ್ಬಾತ ಕೆಳಗಿನಿಂದಲೇ ಕೂಗಿ ತನ್ನ ವಾದ ಮಂಡಿಸಿದ. ಇಪ್ಪತ್ತೆರಡು ಮೆಟ್ಟಿಲಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಾಗಿಲಿನ ಬಗ್ಗೆ ಒಬ್ಬರಾದರೂ ತುಟಿ ಬಿಚ್ಚಲಿಲ್ಲ. ಎಲ್ಲರ ಬಾಯಲ್ಲೂ ಇದ್ದದ್ದು ನಲ್ಲಿ.

"ಯಾರೇ ನಿಲ್ಲಿಸಿದ್ದು?" ಟಾರ್ಚಕ್ಕ ಮಗಳ ಕಿವಿಯಲ್ಲಿ ಕೇಳಿದಳು. "ನನಗೊಬ್ಬಳಿಗಾದ್ರೂ ಹೇಳು."

ಮಗಳು ಕಣ್ಣೊರೆಸಿಕೊಂಡು ನಕ್ಕಳು. "ದಾರಿ ಬಿಡಮ್ಮ," ಎಂದಳೇ ವಿನಾ ಕದಲಲಿಲ್ಲ. ಹೋಂವರ್ಕ್ ಮಾಡುತ್ತಿದ್ದ ಅದೇ ಮೆಟ್ಟಿಲ ಮೇಲೆ ಕುಳಿತು, ಕೆನ್ನೆಗೆ ಕೈಯಿಟ್ಟು, ಜಗಳ ಕೇಳತೊಡಗಿದಳು.

ಶನಿವಾರದ ಹೊಸ ಪೋಸ್ಟರಿನ ಸುರುಳಿ ಹಿಡಿದುಕೊಂಡು ಮ್ಯಾನೇಜರ್ ಕೆಳಗಿನ ಮೆಟ್ಟಿಲವರೆಗೆ ಬಂದರು. ಮುಂದೆ ಹತ್ತಲಾಗಲಿಲ್ಲ. ಸುತ್ತಲೂ ನೋಡಿದರು. ಸುರುಳಿಯನ್ನು ಮೆಲ್ಲಗೆ ಕಂಕುಳಿಗೆ ಸಿಕ್ಕಿಸಿಕೊಂಡು, ಜನರ ತಲೆಗಳ ಮೇಲಿಂದ ಕೂಗಿದರು:

"ಟಾರ್ಚಕ್ಕ! ಸಂಜೆ ಆಟದವರು ಕಾಯ್ತಿದ್ದಾರೆ! ಏನು ತಡ?"

ಇಂಥ ಕೂಗಿಗೆ ಅವಳು ಮೂವತ್ತೊಂದು ವರ್ಷದಲ್ಲಿ ಜನರನ್ನು ಎಷ್ಟು ಸಲ ಗದರಿಸಿ ಚದುರಿಸಿದ್ದಳೋ ಲೆಕ್ಕವಿಲ್ಲ. ಈಗ ಟಾರ್ಚನ್ನು ಎದೆಗೊತ್ತಿಕೊಂಡು, ಬಾಗಿಲ ಚೌಕಟ್ಟಿಗೆ ಒರಗಿ, ಕೆಳಗಿನ ಅಂಗಡಿಯವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

"ಇನ್ನೂ ಯಾರೂ ಇಳಿದಿಲ್ಲ ಸಾರ್!"